ಗಾಡಿಗೆ ಕುಡಿಸಿದ ನೀರು

ಕಾರಿನ ಇಂಜಿನ್ ಕುದಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ವಾಸನೆ ಬರುತ್ತದೆ. ಕಾದ ಕಬ್ಬಿಣ, ಬಿಸಿಯಾದ ರಬ್ಬರು, ತುಕ್ಕು ನೀರು, ಮೂರೂ ಸೇರಿದ ವಾಸನೆ. ಈಗಲೂ ಯಾವುದೋ ರಸ್ತೆಯಲ್ಲಿ ಯಾರದೋ ಲಾರಿಯಿಂದ ಅದು ಮೂಗಿಗೆ ಬಡಿದರೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಹುಡುಕುತ್ತದೆ. ನಾನು ಬಸ್ಸಿನ ಸೀಟಿನಲ್ಲಿ ಕೂತಿದ್ದರೂ ಅಷ್ಟೇ. ಪಕ್ಕದಲ್ಲಿ ಕೂತ ಹೆಂಡತಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ನಮ್ಮ ಗಾಡಿ ಅಲ್ರಿ ಅದು," ಅನ್ನುತ್ತಾಳೆ.

ನಮ್ಮ ಗಾಡಿ ಎಂದರೆ ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಯಲ್ಲಿದ್ದ ಹಳೆಯ ಕಾರು. ಗೇರು ಸ್ಟೇರಿಂಗಿನ ಬಾಜೂಕ್ಕಿತ್ತು. ಹಿಂದಿನ ಎಡಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಿದರೆ ಮಾತ್ರ ಮುಚ್ಚುತ್ತಿತ್ತು. ಆಗ ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಶಲವಡಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಮನೆ, ಹೊಲ, ಅಪ್ಪ, ಹೆಂಡತಿ. ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹುಡುಗರು ನನ್ನ ಹಿಂದೆ ನನಗಿಟ್ಟಿದ್ದ ಅಡ್ಡಹೆಸರು ಮೆಣಸಿನಕಾಯಿ ಮಾಸ್ತರ. ಅದು ಸುಳ್ಳೇನೂ ಆಗಿರಲಿಲ್ಲ. ಒಂದು ಲೆಕ್ಕಕ್ಕೆ ಉತ್ತರ ಸಿಗದಿದ್ದರೆ ಲೆಕ್ಕ ಬಿಟ್ಟು ಎದುರಿಗಿದ್ದವನ ಮೇಲೆ ಹರಿಹಾಯುವ ಗುಣ ನನ್ನದು.

ಕಾರು ನಮ್ಮ ಮನೆಗೆ ಯಾಕೆ ಬಂತೆಂದು ಹೇಳದೆ ಮುಂದೆ ಹೋಗಲಾರೆ. ಅದಕ್ಕೂ ಹಿಂದೆ, ಒಂದು ಶ್ರಾವಣದಲ್ಲಿ, ನಮ್ಮ ಮೊದಲ ಮಗು ಹೋಗಿತ್ತು. ಹೆಂಡತಿ ಹೆರಿಗೆಗೆ ತವರಿಗೆ ಹೋಗುವ ಸಿದ್ಧತೆಯಲ್ಲಿದ್ದಳು. ಎಂಟನೇ ತಿಂಗಳಲ್ಲೇ ನೋವು ಶುರುವಾಯಿತು. ಹೊರಗೆ ಜಡಿಮಳೆ. "ಮಳಿ ಒಂದೀಟು ಹೊಳುವಾಗಲಿ, ಆಮ್ಯಾಲ ಚಕ್ಕಡಿ ಹೂಡೂಣು," ಎಂದ ಅಪ್ಪ. ನಾನೂ ಹೂಂ ಅಂದೆ. ಒಂದು ತಾಸು ಕಾದು ಹೊರಟೆವು. ನೆನೆದ ಎರೆಮಣ್ಣಿನಲ್ಲಿ ಚಕ್ಕಡಿಯ ಗಾಲಿ ಎರಡು ಮಾರು ಹೋಗುವಷ್ಟರಲ್ಲಿ ಮಣ್ಣಿನ ಮುದ್ದೆಯಾಗಿ ನಿಂತುಬಿಡುತ್ತದೆ. ಅಪ್ಪ ಗಾಲಿಯ ಬಾಜೂಕ್ಕೆ ನಡೆಯುತ್ತ ಕುಡಗೋಲಿನಿಂದ ಮಣ್ಣು ಕೆರೆಯುತ್ತ ಬಂದ. ಕೊನೆಗೆ ಕುಡಗೋಲು ಬಿಸಾಡಿ ಕೈಯಿಂದಲೇ ಬಾಚಿದ. ಅಣ್ಣಿಗೇರಿಯ ಆಸ್ಪತ್ರೆ ಮುಟ್ಟಿದ ಮೇಲೆ ಹೆಂಡತಿ ಉಳಿದಳು, ಮಗು ಉಳಿಯಲಿಲ್ಲ. ಆ ಒಂದು ತಾಸಿನ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಮರುವರ್ಷ ಅಪ್ಪ ಯಾರನ್ನೂ ಕೇಳದೆ ಧಾರವಾಡದ ಒಬ್ಬ ನಿವೃತ್ತ ಅಧಿಕಾರಿಯಿಂದ ಈ ಕಾರು ಕೊಂಡು ತಂದ.

ಅಪ್ಪನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ. ಆದರೆ ಅದರ ಚಾಕರಿ ಪೂರ್ತಿ ಅವನದೇ. ಬೆಳಿಗ್ಗೆ ಎದ್ದು ಎತ್ತುಗಳಿಗೆ ನೀರು ತೋರಿಸುವುದು, ಆಮೇಲೆ ಗಾಡಿಯ ಮೈ ಒರೆಸುವುದು, ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುವಿ, ಹಿತ್ತಲ ಬಾವಿಯಿಂದ ಸೇದಿದ ನೀರನ್ನು ತಂಬಿಗೆಯಿಂದ ಕಂಠಮಟ್ಟ ತುಂಬುವುದು. ಒಂದು ದಿನವೂ ತಪ್ಪಿಸಿದವನಲ್ಲ. ಮುಚ್ಚಳ ಹಾಕಿ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದ.

ಆ ವರ್ಷ ಹೆಂಡತಿ ಮತ್ತೆ ಬಸುರಿಯಾಗಿದ್ದಳು. ಹುಬ್ಬಳ್ಳಿಯ ಡಾಕ್ಟರಬಾಯಿ ನೋಡಿ, ಬಸವ ಜಯಂತಿಯ ಆಜೂಬಾಜು ದಿನ ತುಂಬುತ್ತದೆಂದು ಹೇಳಿದ್ದರು. ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೋವು ಬಂದ ಕೂಡ್ಲೆ ಹೊರಡ್ರಿ. ಹೋದ ಸಲದಂಗ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇಲ್ಲ." ಹುಬ್ಬಳ್ಳಿಯಲ್ಲೇ ಒಂದು ಕೋಣೆ ಹಿಡಿಯೋಣ ಎಂದೆ. ಹೆಂಡತಿ ಒಪ್ಪಲಿಲ್ಲ. ಗುರುತಿಲ್ಲದ ಓಣಿಯಲ್ಲಿ ಒಬ್ಬಳೇ ಕೂತರೆ ಹೋದ ಸಲದ್ದೇ ಕಣ್ಣ ಮುಂದೆ ಬರುತ್ತದೆ ಅಂದಳು. ತವರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹಾಗಾಗಿ ಎಲ್ಲ ಭಾರ ಕಾರಿನ ಮೇಲೆ ಬಿತ್ತು. ಬೇಸಿಗೆ, ಕೆಸರಿನ ಮಾತಿಲ್ಲ, ಒಂದೂವರೆ ತಾಸಿನ ದಾರಿ ಎಂದು ನಾವೆಲ್ಲ ಧೈರ್ಯವಾಗಿದ್ದೆವು. ಹೋಳಿ ಹುಣ್ಣಿಮೆ ಕಳೆಯುತ್ತಲೇ ಕಾರು ಕುದಿಯತೊಡಗಿತು.

ಮೊದಲ ಸಲ ಅಣ್ಣಿಗೇರಿ ದಾಟಿ ಸ್ವಲ್ಪ ದೂರದಲ್ಲಿ. ಸೂಜಿ ಕೆಂಪಿಗೆ ಏರಿತು, ವಾಸನೆ ಬಂತು, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ. ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ನೀರಿನ ಪಂಪು ಬದಲಿಸಿದರು, ರೇಡಿಯೇಟರ್ ತೊಳೆದು ನಳದ ನೀರು ತುಂಬಿ ಕೊಟ್ಟರು. ಒಂದು ವಾರ ಗಾಡಿ ತಣ್ಣಗಿತ್ತು. ಎರಡನೇ ವಾರ ಮತ್ತೆ ಅದೇ ಜಾಗ, ಅದೇ ಹಬೆ. ಎರಡನೇ ಸಲ ಒಯ್ದಾಗ ಇಂಜಿನ್ನಿನ ತಲೆಯನ್ನೇ ಬಿಚ್ಚಿ ಗ್ಯಾಸ್ಕೆಟ್ ಹಾಕಿದರು. ಮೂರನೇ ಸಲ ಫ್ಯಾನಿನ ಬೆಲ್ಟು, ಇನ್ನೇನೇನೋ. ಪ್ರತಿ ಸಲವೂ ಗ್ಯಾರೇಜಿನ ಯಜಮಾನ ಕೈ ಒರೆಸಿಕೊಳ್ಳುತ್ತ, "ಗ್ಯಾರಂಟಿ ನಂದ್ರಿ ಸರ," ಅನ್ನುತ್ತಿದ್ದ. ಪ್ರತಿ ಸಲವೂ ಒಂದು ವಾರಕ್ಕೆ ಗ್ಯಾರಂಟಿ ಮುಗಿಯುತ್ತಿತ್ತು.

ನಾಲ್ಕನೇ ಸಲ ನಾನು ಕಾರಿನಿಂದ ಇಳಿಯುವಾಗಲೇ ಕೂಗಿಕೊಂಡು ಇಳಿದೆ. ಅಂಗಳದಲ್ಲಿ ನಾಲ್ಕಾರು ಮಂದಿ ಗಿರಾಕಿಗಳಿದ್ದರು. ಅವರೆದುರಿಗೇ, "ಬೇಕಂತ ಅರ್ಧ ಕೆಲಸಾ ಮಾಡಿ ಕಳಸ್ತೀರಿ, ಮತ್ತ ಮತ್ತ ಬರಲಿ ಅಂತ. ಮೋಸಗಾರರು ನೀವು," ಎಂದೆ. ಯಜಮಾನನ ಮುಖ ಸಣ್ಣದಾಯಿತು. ಆದರೂ ದನಿ ಏರಿಸಲಿಲ್ಲ. "ಸರ, ನಿಮ್ಮ ಗಾಡಿ ಇಲ್ಲೆ ಬಿಡ್ರಿ. ಹದಿನೈದು ದಿನಾ ನಾ ಓಡಸ್ತೀನಿ. ನನ್ನ ಕೈಯಾಗ ಕುದ್ದರ ಆಮ್ಯಾಲ ಮಾತಾಡ್ರಿ," ಎಂದ. ಗಣಿತದ ಮಾಸ್ತರನಾದ ನನಗೆ ಆ ಮಾತಿನಲ್ಲಿ ಲೆಕ್ಕದ ಅರ್ಧ ಉತ್ತರವಿದೆ ಎಂದು ಹೊಳೆಯಲಿಲ್ಲ. ಕೀಲಿ ಕಸಿದುಕೊಂಡು ಬಂದುಬಿಟ್ಟೆ.

ಆ ದಿನಗಳಲ್ಲಿ ನಾನು ಒಂದು ಕಡೆ ಕೂತದ್ದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಎದ್ದು ಹೋಗಿ ಕಾರಿನ ಬಾನೆಟ್ ಮುಟ್ಟಿ ಬರುತ್ತಿದ್ದೆ, ನಿಂತ ಗಾಡಿಯೂ ಬಿಸಿಯಾಗುತ್ತದೆ ಎನ್ನುವವನಂತೆ. ಕ್ಯಾಲೆಂಡರಿನ ಮುಂದೆ ನಿಂತರೆ ಬಸವ ಜಯಂತಿಯ ಚೌಕ ದಿನದಿಂದ ದಿನಕ್ಕೆ ಹತ್ತಿರ ಬರುತ್ತಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು: "ನನಗಿಂತ ಮೊದ್ಲ ನಿಮಗs ಬ್ಯಾನಿ ಬರತಾವ ನೋಡ್ರಿ." ಅವಳು ನಕ್ಕಷ್ಟೂ ನನಗೆ ಸಿಟ್ಟು. ಅವಳಿಗೆ ಭಯವಾಗುತ್ತಿಲ್ಲವೆಂದು ಸಿಟ್ಟು. ಭಯವನ್ನು ನನ್ನಿಂದ ಮುಚ್ಚಿಡುತ್ತಿದ್ದಾಳೆಂದು ಗೊತ್ತಾದಾಗ ಇನ್ನೂ ಸಿಟ್ಟು.

ಶಾಲೆಯಲ್ಲಿ ಹಿಂದಿ ಕಲಿಸುವ ಮಾಸ್ತರರು ಕುಂದಗೋಳದವರು. ಒಂದು ದಿನ ಚಹಾ ಕುಡಿಯುವಾಗ ನನ್ನ ರಗಳೆ ಕೇಳಿ ಕೇಳಿ ಸಾಕಾಗಿ ಹೇಳಿದರು: "ನಮ್ಮೂರ ಸ್ಟೇಷನ್ ಹತ್ರ ಒಬ್ಬ ಮಿಸ್ತ್ರಿ ಅದಾನ್ರಿ. ವಯಸ್ಸಾದಾಂವ. ನಿಮ್ಮ ನಮೂನಿ ಗಾಡಿ ಬಿಟ್ಟು ಬ್ಯಾರೆ ಗಾಡಿ ಮುಟ್ಟಂಗಿಲ್ಲ. ಆದ್ರ ಗಾಡಿಗಿಂತ ಮಾಲಕಗs ಭಾಳ ಪ್ರಶ್ನಿ ಕೇಳತಾನ. ನೀವು ತಡಕೋಬೇಕು." ತಡೆದುಕೊಳ್ಳುವ ಮಾತು ನನಗೆ ರುಚಿಸಲಿಲ್ಲ. ಆದರೂ ಮರುದಿನವೇ ಹೊರಟೆ.

ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಇಂಜಿನ್ ಆರಿಸಿದೆ. ಮೂರನೇ ಸಲ ಯರಗುಪ್ಪಿಯಲ್ಲಿ ಕುದ್ದೇಬಿಟ್ಟಿತು. ರಸ್ತೆಯ ಬದಿಯ ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದ ಒಬ್ಬ ಹೆಣ್ಣುಮಗಳನ್ನು ನೀರು ಕೇಳಿದೆ. ಅವಳು ಮೊರ ಕೆಳಗಿಟ್ಟು ಎದ್ದು, "ಕುಡಿಯಾಕೇನ್ರಿ, ಗಾಡಿಗೇನ್ರಿ?" ಅಂದಳು. ಗಾಡಿಗೆ ಅಂದೆ. ಒಳಗೆ ಹೋದವಳು ಹಿತ್ತಲ ಕಡೆಯಿಂದ ಒಂದು ಬಕೀಟು ತಂದಳು. ನನ್ನ ಒಣಗಿದ ಬಾಯಿ ನೋಡಿ, ಅಡುಗೆಮನೆಯಿಂದ ಬೇರೆ ಒಂದು ತಂಬಿಗೆಯನ್ನೂ ತಂದಿಟ್ಟಳು. ನಮ್ಮ ಭಾಗದಲ್ಲಿ ಯಾವ ಮನೆಯಲ್ಲಾದರೂ ಹೀಗೆಯೇ ಕೇಳುತ್ತಿದ್ದರು, ಹೀಗೆಯೇ ಎರಡು ಕಡೆಯಿಂದ ಎರಡು ನೀರು ತರುತ್ತಿದ್ದರು. ಅದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ತಂಬಿಗೆಯದನ್ನು ನಾನು ಕುಡಿದೆ, ಇಂಜಿನ್ ತಣ್ಣಗಾದ ಮೇಲೆ ಬಕೀಟಿನದನ್ನು ಅದಕ್ಕೆ ಸುರಿದೆ.

ಮಿಸ್ತ್ರಿಯ ಅಂಗಡಿ ಎಂದರೆ ಒಂದು ಬೇವಿನ ಮರ, ತಗಡಿನ ಚಪ್ಪರ, ಮರದ ಪೆಟ್ಟಿಗೆ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಹಬೆಯಾಡುತ್ತಿದ್ದ ಕಾರಿನ ಕಡೆ ಒಂದು ಸಲ ನೋಡಿ, ನನಗೆ ಕೂರಲು ಪೆಟ್ಟಿಗೆ ತೋರಿಸಿದ. "ಬಾನೆಟ್ ತಗೀಲೇನು?" ಅಂದೆ. "ಅದು ಆರಲ್ರಿ. ನೀವೂ ಆರ್ರಿ," ಅಂದ. ನನ್ನ ಮೈ ಉರಿಯಿತು.

ಆಮೇಲೆ ಪ್ರಶ್ನೆಗಳು. ಗಾಡಿ ಯಾರು ಓಡಿಸುತ್ತಾರೆ, ದಿನಾ ಎಷ್ಟು ದೂರ, ಎಲ್ಲಿ ನಿಲ್ಲಿಸುತ್ತೀರಿ, ಬಿಸಿಲಲ್ಲೋ ನೆರಳಲ್ಲೋ. ನಾನು ಹಲ್ಲು ಕಚ್ಚಿ ಉತ್ತರ ಹೇಳಿದೆ. ಹುಬ್ಬಳ್ಳಿಯವರು ಹಾಕಿದ ಸಾಮಾನುಗಳ ಪಟ್ಟಿ ಒಪ್ಪಿಸಿ, ಅವರು ಹೇಗೆ ಮೋಸ ಮಾಡಿದರೆಂದು ಹೇಳತೊಡಗಿದಾಗ ಕೈ ಅಡ್ಡ ಮಾಡಿದ.

"ಅದು ಬಿಡ್ರಿ ಮಾಸ್ತರ್ರ. ನೀರು ಯಾರು ಹಾಕತಾರ?"

"ನಮ್ಮ ಅಪ್ಪ. ದಿನಾ ಮುಂಜಾನೆ, ತಪ್ಪದs."

"ಯಾವ ನೀರು?"

"ನೀರು ಅಂದ್ರ ನೀರು," ಅಂದೆ. ತಾಳ್ಮೆ ಮುಗಿದಿತ್ತು.

ಅವನು ಎದ್ದ. ಇಂಜಿನ್ ಆರಿದೆಯೇ ಎಂದು ಅಂಗೈಯಿಂದ ನೋಡಿ, ಹಳೆ ಬಟ್ಟೆ ಹಿಡಿದು ಮುಚ್ಚಳ ತೆಗೆದ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ನಾನು ಹೌಹಾರಿದೆ. ಅವನು ಪಕ್ಕಕ್ಕೆ ಉಗಿದು, ಬಾಯಿ ಒರೆಸಿಕೊಂಡು ಕೇಳಿದ: "ಊರು ಅಣ್ಣಿಗೇರಿ ಕಡೇದೋ, ನವಲಗುಂದ ಕಡೇದೋ?"

"ಶಲವಡಿ ಆಚೆ," ಅಂದೆ. ದನಿ ತಾನಾಗಿಯೇ ಇಳಿದಿತ್ತು.

"ಹೌದನ್ರಿ. ಬಾವಿ ನೀರು. ಸವಳು." ಮೇಲಿನ ರಬ್ಬರ್ ಪೈಪು ಬಿಚ್ಚಿ, ಅದರ ಬಾಯೊಳಗೆ ಸ್ಕ್ರೂಡ್ರೈವರ್ ಆಡಿಸಿ ಏನನ್ನೋ ಎಬ್ಬಿಸಿ ನನ್ನ ಅಂಗೈಯಲ್ಲಿ ಹಾಕಿದ. ಬಿಳಿ ಹಕ್ಕಳೆ. ಸ್ವಲ್ಪ ತುಕ್ಕಿನ ಬಣ್ಣ ಹಿಡಿದಿತ್ತು, ಅಷ್ಟೇ. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನಮ್ಮ ಬಚ್ಚಲಿನ ಹಂಡೆಯ ಒಳಗೆ ಕಟ್ಟುವ, ಹೆಂಡತಿ ಪ್ರತಿ ಸೋಮವಾರ ಕಲ್ಲಿನಿಂದ ಕುಟ್ಟಿ ಬಿಡಿಸುವ ಹಕ್ಕಳೆ ಅದು.

"ಈ ನೀರಾಗ ಬ್ಯಾಳಿ ಬೇಯಂಗಿಲ್ಲ, ಖರೆ ಏನಿಲ್ಲ? ಬ್ಯಾಳಿಗೆ ಹಾಕಂಗಿಲ್ಲ ನೀವು. ಗಾಡಿಗೆ ಹಾಕತೀರಿ," ಅಂದ ಮಿಸ್ತ್ರಿ. "ಹುಬ್ಬಳ್ಳಿಯಾವರನ್ನ ಬೈಬ್ಯಾಡ್ರಿ. ಗ್ಯಾಸ್ಕೆಟ್ ಅಗದಿ ಚಲೋ ಕೂಡಿಸ್ಯಾರ. ಅವರ ಊರಾಗ ನಳದ ನೀರು. ಇದು ಅವರ ಕಣ್ಣಿಗೆ ಬೀಳಂಗಿಲ್ಲ."

ನಮ್ಮೂರಿನ ನೀರಿನ ಮಾತು ಹೇಳಬೇಕು. ಬಾವಿ ತೋಡಿದಲ್ಲೆಲ್ಲ ಸವಳು, ಉಪ್ಪು ನೀರು. ಕುಡಿಯಲು ಇದ್ದದ್ದು ಒಂದೇ ಕೆರೆ, ಮಳೆನೀರಿನದು. ಆ ಕೆರೆಗೆ ಚಪ್ಪಲಿ ಕಾಲಿನಲ್ಲಿ ಯಾರೂ ಇಳಿಯುವುದಿಲ್ಲ. ಕೊಡ ಅದ್ದಬಹುದು, ಕಾಲು ಅದ್ದುವಂತಿಲ್ಲ. ದನ ಹೊಡೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಆ ನೀರಿನಿಂದ ಮುಖ ತೊಳೆದರೂ ಬೈಗುಳ. ಬೇಸಿಗೆಯಲ್ಲಿ ಕೆರೆ ಇಳಿದರೆ ಮನೆಗೆ ಇಷ್ಟೇ ಕೊಡ ಎಂದು ಹಿರಿಯರು ಗೊತ್ತು ಮಾಡುತ್ತಿದ್ದರು. ಆ ಹಿರಿಯರಲ್ಲಿ ಅಪ್ಪನೂ ಒಬ್ಬ. ಏಳು ವರ್ಷದವನಿದ್ದಾಗ ಕೆರೆಯ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟದ್ದಕ್ಕೆ ಅವನಿಂದ ಬಿದ್ದ ಪೆಟ್ಟು ನನಗಿನ್ನೂ ನೆನಪಿದೆ. ಅಂಥವನು ಕುಡಿಯುವ ನೀರನ್ನು ಗಾಡಿಗೆ ಹಾಕುವುದು ಕನಸಿನಲ್ಲೂ ಸಾಧ್ಯವಿರಲಿಲ್ಲ. ಊರಿನ ಕಟ್ಟಳೆ ಪಾಲಿಸಿ, ಅಕ್ಕರೆಯಿಂದ, ಒಂದು ದಿನ ತಪ್ಪಿಸದೆ ಅಪ್ಪ ಆ ಕಾರಿನ ಒಳಗನ್ನು ಸುಣ್ಣದ ಗೋಡೆ ಮಾಡಿದ್ದ.

ಕಾರು ಬಿಟ್ಟು ಹೋಗಿ, ನಾಲ್ಕು ದಿನ ಬೇಕು ಅಂದ ಮಿಸ್ತ್ರಿ. ಬಸ್ಸಿನಲ್ಲಿ ಊರಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಅಪ್ಪನಿಗೆ ಹೇಗೆ ಹೇಳಲಿ. ಹೋದ ಸಲದ ಒಂದು ತಾಸು ಅವನ ಎದೆಯ ಮೇಲೆ ಕೂತಿದೆಯೆಂದು ನನಗೆ ಗೊತ್ತಿತ್ತು. ಈಗ ಈ ನೀರನ್ನೂ ಅದರ ಮೇಲೆ ಹೇರುವುದೇ? ಹೇಳದೆ ಉಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ತಂಬಿಗೆ ಹಿಡಿದು ಅಂಗಳಕ್ಕೆ ಬಂದು, ಗಾಡಿ ಇಲ್ಲದ್ದು ನೆನಪಾಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ನೀರನ್ನು ತುಳಸಿಗೆ ಹಾಕಿ ಒಳಗೆ ಹೋದ. ನಾಲ್ಕು ದಿನವೂ ಹಾಗೇ ಮಾಡಿದ. ನಾನು ನಾಲ್ಕು ದಿನವೂ ಕಿಟಕಿಯಿಂದ ನೋಡಿದೆ, ಬಾಯಿ ಬಿಡಲಿಲ್ಲ. ಆ ಹೇಡಿತನಕ್ಕೆ ಮರುಕವೆಂದು ಹೆಸರಿಟ್ಟುಕೊಂಡಿದ್ದೆ.

ಐದನೇ ದಿನ ಕುಂದಗೋಳಕ್ಕೆ ಹೋದೆ. ಮಿಸ್ತ್ರಿ ರೇಡಿಯೇಟರ್ ಬಿಚ್ಚಿ ಅದರ ಸಣ್ಣ ಕೊಳವೆಗಳಲ್ಲಿ ಕಡ್ಡಿ ಆಡಿಸಿ, ಸೋಡಾ ಹಾಕಿದ ಬಿಸಿನೀರಿನಿಂದ ತೊಳೆದಿದ್ದ. ಬಿಡಿಸಿದ ಹಕ್ಕಳೆಯನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ತೋರಿಸಿದ. "ಇಂಜನ್ನಿನ ಒಳಗ ಇನ್ನೂ ಐತ್ರಿ. ಪೂರಾ ತಗೀಯಾಕ ಹೋದ್ರ ತೂತು ಬೀಳತೈತಿ. ಹೆರಗಿ ಆಗೋತನಕ ದಿನಾ ಬಿಟ್ಟು ದಿನಾ ನೀರು ಇಳಿಸಿ, ಹೊಸಾದು ಹಾಕ್ರಿ. ಕುಡಿಯೋ ಸೀ ನೀರು. ಒಂದ ತಂಬಿಗಿ ಸವಳೂ ಬ್ಯಾಡ."

"ಹಂಗ ಮಾಡಿದ್ರ ಕುದಿಯಂಗಿಲ್ಲ ಹೌದಿಲ್ಲೋ? ಗ್ಯಾರಂಟಿ?" ಅಂದೆ.

"ನಾ ಗ್ಯಾರಂಟಿ ಕೊಡಂಗಿಲ್ರಿ."

"ಮತ್ತ ನಾ ಯಾರನ್ನ ನಂಬಲಿ?" ಎಂದು ಕೂಗಿದೆ. ಕೂಗಿದ್ದಕ್ಕೆ ಸ್ಟೇಷನ್ ಕಡೆಗೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಮಿಸ್ತ್ರಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನೀರು ಹಾಕೋರು ನಿಮ್ಮ ಅಪ್ಪಾರು. ನನ್ನ ಗ್ಯಾರಂಟಿ ತಗೊಂಡು ಏನ್ ಮಾಡತೀರಿ, ಅವರನ್ನ ಕೇಳ್ರಿ," ಅಂದ. ವಾಪಸ್ ಬರುವಾಗ ಹುಬ್ಬಳ್ಳಿಯ ಆ ಗ್ಯಾರೇಜಿನ ಮುಂದೆ ಹಾದು ಬಂದೆ. ಯಜಮಾನ ಯಾವುದೋ ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ, ಕಾಲು ಮಾತ್ರ ಕಂಡವು. ಕಾರು ನಿಧಾನ ಮಾಡಿದೆ, ಇಳಿಯಲಿಲ್ಲ. ಆಮೇಲೆಯೂ ಇಳಿಯಲಿಲ್ಲ. ಅವನ ಕ್ಷಮೆ ಕೇಳುವುದು ನನ್ನ ಲೆಕ್ಕದಲ್ಲಿ ಹಾಗೇ ಉಳಿದುಹೋಗಿದೆ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅಪ್ಪ ಆಗಲೇ ಬಾನೆಟ್ ಎತ್ತಿ ಮುಚ್ಚಳ ತೆಗೆದಿದ್ದ. ತಂಬಿಗೆ ಬಾಗುತ್ತಿತ್ತು. ಓಡಿಹೋಗಿ ಕೈ ಹಿಡಿದೆ.

"ಯಪ್ಪಾ, ಬ್ಯಾಡ. ಸವಳ ನೀರು ಹಾಕಬಾರದಂತ. ಕೆರಿ ನೀರs ಹಾಕಬೇಕಂತ, ಮಿಸ್ತ್ರಿ ಹೇಳ್ಯಾನ."

ಅಪ್ಪ ನಕ್ಕ. "ಕೆರಿ ನೀರು? ಗಾಡಿಗೆ? ಅಂವಗೇನು ತಲಿ ಕೆಟ್ಟೈತೇನಲೇ? ಮಂದಿ ಕೊಡಾ ಎಣಿಸಿ ಒಯ್ಯಾಕತ್ತಾರ. ನಾನs ಕಟ್ಟಳೆ ಹಾಕಿ ನಾನs ಮುರಿಲೇನು?" ಎಂದು ನನ್ನ ಕೈ ಬಿಡಿಸಿಕೊಂಡು ಮತ್ತೆ ತಂಬಿಗೆ ಬಾಗಿಸಿದ.

ನಾಲ್ಕು ದಿನ, ನಾಲ್ಕು ವಾರ, ಎರಡು ವರ್ಷ ತಡೆದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ತಂಬಿಗೆ ಕಸಿದು ಬಿಸಾಡಿದೆ. ಅದು ಅಂಗಳದ ಹಾಸುಗಲ್ಲಿನ ಮೇಲೆ ಠಣ್ ಠಣ್ ಎನ್ನುತ್ತ ಉರುಳಿತು. "ಹೋದ ಸಲಾ ನಿನ್ನ ಮಳಿ, ಈ ಸಲಾ ನಿನ್ನ ನೀರು! ಇನ್ನೂ ಎಷ್ಟು ಬೇಕು ನಿನಗ?" ಅಂದೆ.

ಆ ದಿನ ಮಳೆಯಲ್ಲಿ ಹೂಂ ಅಂದವನು ನಾನು. ಅದನ್ನು ಅಪ್ಪ ನೆನಪಿಸಲಿಲ್ಲ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಕಡೆ ಒಂದು ಸಲ ನೋಡಿದ. ಬಗ್ಗಿ ತಂಬಿಗೆ ಎತ್ತಿಕೊಂಡ. ಅದರ ಹೊಟ್ಟೆ ಒಂದು ಕಡೆ ನೆಗ್ಗಿತ್ತು. ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿ, ಪಡಸಾಲೆಯ ಖಾಲಿ ಕೊಡವನ್ನೂ ಎತ್ತಿಕೊಂಡು ಕೆರೆಯ ಕಡೆ ನಡೆದ.

ಅವತ್ತು ಅವನು ಊಟಕ್ಕೂ ಬರಲಿಲ್ಲ. ಇಳಿಹೊತ್ತಿಗೆ ಬಂದವನ ಹೆಗಲ ಮೇಲೆ ತುಂಬಿದ ಹಿತ್ತಾಳೆ ಕೊಡ. ಕೆರೆಯ ನೀರು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿಯೇ ತಂದಿದ್ದ, ಕುಡಿಯುವ ನೀರನ್ನು ತರುವ ಹಾಗೆಯೇ. "ಹಿರ್ಯಾರ ಮುಂದ ಹೇಳಿ ಬಂದೀನಿ. ದಿನಾ ಬಿಟ್ಟು ದಿನಾ ಒಂದು ಕೊಡಾ ಗಾಡಿಗೆ. ಆತು," ಅಂದ. ನನ್ನ ಕಡೆ ನೋಡಲಿಲ್ಲ. ಹಿರಿಯರು ಒಪ್ಪಿದರಲ್ಲ, ಒಂದು ಕೊಡ ಹೆಚ್ಚಿಗೆ ಕೊಟ್ಟರಲ್ಲ ಎಂದು ನನಗೆ ಸಮಾಧಾನವಾಯಿತು. ಕ್ಷಮಿಸು ಅನ್ನಬೇಕಿತ್ತು. ಅದರ ಬದಲು ರೇಡಿಯೇಟರಿನ ನೀರು ಹೇಗೆ ಇಳಿಸಬೇಕೆಂದು ತೋರಿಸಿಕೊಟ್ಟೆ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆ. ಅಪ್ಪ ತನ್ನ ನೆಗ್ಗಿದ ತಂಬಿಗೆಯನ್ನು ಅಡುಗೆಮನೆಯಿಂದ ತಂದು ಹಿತ್ತಲ ಬಾಗಿಲ ಬಳಿ ಇಟ್ಟುಕೊಂಡ. ನಾವು ಕುಡಿಯುವ ನೀರಿನ ಹರವಿಯ ಹತ್ತಿರ ಬರುತ್ತಿರಲಿಲ್ಲ. ಮುನಿಸು ಇನ್ನೂ ಇಳಿದಿಲ್ಲ, ನನ್ನ ಕೈಯ ನೀರೂ ಬೇಡವಾಗಿದೆ ಅಂದುಕೊಂಡೆ. ಹೊಟ್ಟೆ ಸರಿಯಿಲ್ಲವೆಂದು ಎರಡು ದಿನ ಬರೀ ಅಂಬಲಿ ಕುಡಿದ. ನಾನು ಅದನ್ನೂ ಮುನಿಸಿನ ಲೆಕ್ಕಕ್ಕೇ ಬರೆದುಕೊಂಡೆ. ದಿನ ಬಿಟ್ಟು ದಿನ ಅವನು ಹಳೆಯ ನೀರು ಇಳಿಸುತ್ತಿದ್ದ. ಇಳಿದ ನೀರಿನಲ್ಲಿ ಬಿಳಿ ಚೂರು ಬರುತ್ತಿದ್ದವು. ಅವನ್ನು ಬೆರಳಿನಿಂದ ಮುಟ್ಟಿ ನೋಡಿ, ಹೊಸ ನೀರು ಹಾಕುತ್ತಿದ್ದ. ಬಾನೆಟ್ಟಿನ ಮೇಲೆ ತಟ್ಟುವುದನ್ನು ಮಾತ್ರ ಬಿಟ್ಟಿದ್ದ.

ನನಗೆ ಗಾಡಿಯ ಮೇಲೆ ನಂಬಿಕೆ ಬರಲಿಲ್ಲ. ಬಿಸಿಲು ಏರಿದ ಹೊತ್ತಿಗೇ ಬೇಕೆಂದು ಅಣ್ಣಿಗೇರಿಯ ತನಕ ಓಡಿಸಿ ಬರುತ್ತಿದ್ದೆ, ಕಣ್ಣು ರಸ್ತೆಗಿಂತ ಸೂಜಿಯ ಮೇಲೆ. ಒಂದು ದಿನ ಅರ್ಧಕ್ಕೆ ನಿಂತರೆ ಮರುದಿನ ಮುಕ್ಕಾಲಿಗೆ ಏರುತ್ತಿತ್ತು. ಏರಿತೆಂದು ಇನ್ನೊಮ್ಮೆ ಹೋಗಿ ನೋಡುತ್ತಿದ್ದೆ. ಗಾಡಿಗೆ ವಿಶ್ರಾಂತಿ ಕೊಡಿ, ಇಲ್ಲವಾದರೆ ಬೇಕಾದ ದಿನ ನಿಮ್ಮ ದೆಸೆಯಿಂದಲೇ ನಿಲ್ಲುತ್ತದೆ ಎಂದು ಹೆಂಡತಿ ಬೈದಳು.

ಬೇಕಾದ ದಿನ ಬಂತು. ಬಸವ ಜಯಂತಿಗೆ ಇನ್ನೂ ಐದು ದಿನವಿತ್ತು. ಬೆಳಗಿನ ಹತ್ತು ಗಂಟೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗೋಡೆ ಹಿಡಿದಳು. ಈ ಸಲ ಯಾರೂ ಯಾವುದಕ್ಕೂ ಕಾಯಲಿಲ್ಲ. ಓಣಿಯ ಸೂಲಗಿತ್ತಿ ಅಜ್ಜಿ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಪ್ಪ ಹಿಂದಿನ ಎಡಬಾಗಿಲನ್ನು ಎತ್ತಿ ಮುಚ್ಚಿ, ತುಂಬಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತ. ಕಾಲ ಸಂದಿಯಲ್ಲಿ ತನ್ನ ನೆಗ್ಗಿದ ತಂಬಿಗೆ, ಬಾಯಿಗೆ ಬಟ್ಟೆ ಕಟ್ಟಿದ್ದು.

ಅಣ್ಣಿಗೇರಿ ದಾಟಿದೆವು. ಪ್ರತಿ ಸಲ ಕುದಿಯುತ್ತಿದ್ದ ಜಾಗ ಬಂತು. ಸೂಜಿ ಮುಕ್ಕಾಲಿಗೆ ಏರಿ ನಿಂತಿತ್ತು. ಹಿಂದಿನಿಂದ ಹೆಂಡತಿಯ ನರಳಾಟ, ಅಜ್ಜಿಯ "ತಡಿಯವ್ವಾ, ತಡಿ." ನಾನು ವಾಸನೆಗಾಗಿ ಮೂಗು ಅರಳಿಸುತ್ತಲೇ ಇದ್ದೆ. ಎರಡು ಸಲ ನಿಲ್ಲಿಸಲೆಂದು ಕಾಲು ಎತ್ತಿದೆ. ಎರಡನೇ ಸಲ ಅಪ್ಪ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಅಷ್ಟು ದಿನಗಳಲ್ಲಿ ಮೊದಲ ಬಾರಿ ತಾನಾಗಿ ನನ್ನೊಡನೆ ಮಾತಾಡಿದ: "ನಡಿ. ಕುದಿಯಂಗಿಲ್ಲದು. ನಡಿ."

ಕುದಿಯಲಿಲ್ಲ. ಆಸ್ಪತ್ರೆಯ ಅಂಗಳಕ್ಕೆ ಹೋಗಿ ನಿಂತಾಗಲೂ ಸೂಜಿ ಮುಕ್ಕಾಲಿನಲ್ಲೇ ಇತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಡಾಕ್ಟರಬಾಯಿ ಹೊರಗೆ ಬಂದು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರಾಮ ಎಂದು ಹೇಳಿದರು. ಅಪ್ಪ ಆಚೆ ಕಾರಿನ ನೆರಳಿನಲ್ಲಿ ಕೂತಿದ್ದ. ಹೋಗಿ ಹೇಳಿದೆ. ಅವನು ತಲೆಯಾಡಿಸಿದ. ಎದ್ದು ನಿಂತು, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದ. ಆಮೇಲೆ ವಸ್ತ್ರದಿಂದ ಮುಖ ಮುಚ್ಚಿಕೊಂಡ.

ಬೆಳಗಿನಿಂದ ನನ್ನ ಗಂಟಲಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಕೈಗೆ ಹತ್ತಿರವಿದ್ದದ್ದು ಅಪ್ಪನ ತಂಬಿಗೆ. ಎತ್ತಿ, ಬಟ್ಟೆ ಬಿಚ್ಚಿ ಬಾಯಿಗೆ ಸುರಿದುಕೊಂಡೆ. ಒಂದು ಗುಟುಕು ಇಳಿಯಿತು, ಎರಡನೆಯದು ಗಂಟಲಲ್ಲೇ ನಿಂತಿತು. ಉಪ್ಪು. ನಮ್ಮ ಹಿತ್ತಲ ಬಾವಿಯ ಸವಳು.

ಅಪ್ಪ ವಸ್ತ್ರ ತೆಗೆದು ನೋಡಿದ. "ಅದು ನಂದು. ಇಡು ಅದನ್ನ. ಕೊಡದಾಗ ಸೀ ನೀರು ಐತಿ, ಅದನ್ನ ಕುಡಿ," ಅಂದ, ತಪ್ಪು ತಟ್ಟೆಗೆ ಕೈ ಹಾಕಿದವನಿಗೆ ಹೇಳುವ ಹಾಗೆ.

ಹಿರಿಯರು ಹೆಚ್ಚಿಗೆ ಕೊಡ ಕೊಟ್ಟಿರಲಿಲ್ಲ. ಅಪ್ಪ ಕೇಳಿಯೂ ಇರಲಿಲ್ಲ. ಅವನು ಅವರ ಮುಂದೆ ಹೇಳಿ ಬಂದದ್ದು ತನ್ನ ಪಾಲಿನ ನೀರನ್ನು ಇನ್ನು ಗಾಡಿ ಕುಡಿಯುತ್ತದೆ ಎಂದು. ಹಿತ್ತಲ ಬಾಗಿಲ ಬಳಿ ಇಟ್ಟುಕೊಂಡ ತಂಬಿಗೆ, ಕೆಟ್ಟ ಹೊಟ್ಟೆ, ಅಂಬಲಿ, ಎಲ್ಲವೂ ಒಂದೇ ಲೆಕ್ಕದ ಮೆಟ್ಟಿಲುಗಳು. ನಾನು ಒಂದನ್ನೂ ಬಿಡಿಸಿರಲಿಲ್ಲ.

"ಯಪ್ಪಾ, ಅವತ್ತು ನಾನೂ ಹೂಂ ಅಂದಿದ್ದೆ. ಮಳ್ಯಾಗ," ಅಂದೆ.

"ಗೊತ್ತೈತಿ," ಅಂದ ಅಪ್ಪ. "ನೀರು ಕುಡಿ."

ಕೊಡ ನನ್ನ ಎದುರಿಗೇ ಇತ್ತು, ತುಂಬಿ. ನಾನು ಅದನ್ನು ಮುಟ್ಟಲಿಲ್ಲ. ನೆಗ್ಗಿದ ತಂಬಿಗೆಯನ್ನೇ ಮತ್ತೆ ಎತ್ತಿ, ತಳದ ತನಕ ಕುಡಿದೆ.